ಸಿಲಿಕಾನ್ ಎಚ್ಚಿಂಗ್‌ನಲ್ಲಿ ಮೂಲೆ ಪರಿಹಾರ

ಸೂಕ್ಷ್ಮ ಯಂತ್ರಗಳನ್ನು ಕೊರೆಯಲು ಸಿಲಿಕಾನ್ ಬಿಲ್ಲೆಯನ್ನು ಕ್ಷಾರ ದ್ರಾವಣದಲ್ಲಿ ಕರಗಿಸುವಾಗ, ಹೊರಕ್ಕೆ ಚಾಚಿದ ಮೂಲೆಗಳು ಸವೆದು ಮೊಂಡಾಗುವುದನ್ನು ತಡೆಯಲು, ಕರಗಬಾರದ ಭಾಗಗಳನ್ನು ಮುಚ್ಚುವ ಮಾಸ್ಕ್‌ನ ವಿನ್ಯಾಸದಲ್ಲಿ ಮೊದಲೇ ಸೇರಿಸುವ ಹೆಚ್ಚುವರಿ ಆಕೃತಿಗಳ ತಂತ್ರ.

ಪೊಟ್ಯಾಸಿಯಂ ಹೈಡ್ರಾಕ್ಸೈಡ್ (ಕೆಒಎಚ್) ಮತ್ತು ಟೆಟ್ರಾಮೀಥೈಲ್ ಅಮೋನಿಯಂ ಹೈಡ್ರಾಕ್ಸೈಡ್ (ಟಿಎಂಎಎಚ್) ದ್ರಾವಣಗಳು ಸಿಲಿಕಾನನ್ನು ಎಲ್ಲ ದಿಕ್ಕಿನಲ್ಲೂ ಒಂದೇ ವೇಗದಲ್ಲಿ ಕರಗಿಸುವುದಿಲ್ಲ. ಸ್ಫಟಿಕದ (111) ಸಮತಲಗಳು ಅತಿ ನಿಧಾನವಾಗಿ ಕರಗುತ್ತವೆ. ಆದ್ದರಿಂದ (100) ಬಿಲ್ಲೆಯಲ್ಲಿ ⟨110⟩ ದಿಕ್ಕಿಗೆ ಹೊಂದಿಸಿ ಕೊರೆದ ಹಳ್ಳದ ಗೋಡೆಗಳು ಮೇಲ್ಮೈಗೆ 54.74 ಡಿಗ್ರಿ ಓರೆಯಾಗಿ ನಿಲ್ಲುತ್ತವೆ. ಹಳ್ಳದ ಒಳಮೂಲೆಯಲ್ಲಿ ಇಂಥ ಎರಡು ಗೋಡೆಗಳು ಸೇರಿ ಕೊರೆತವನ್ನು ತಡೆಯುತ್ತವೆ. ಆ ಮೂಲೆ ತಾನಾಗಿಯೇ ಚೂಪಾಗಿರುತ್ತದೆ. ದಿಬ್ಬದ ಹೊರಮೂಲೆಯ ಕತೆಯೇ ಬೇರೆ. ಅಲ್ಲಿ ವೇಗವಾಗಿ ಕರಗುವ ಸಮತಲಗಳು ತೆರೆದುಕೊಂಡು ಮಾಸ್ಕ್‌ನ ಅಡಿಯಿಂದಲೇ ಮೂಲೆಯನ್ನು ತಿನ್ನುತ್ತವೆ. ಕೆಒಎಚ್‌ನಲ್ಲಿ ಇವು (411) ಸಮತಲಗಳೆಂದು ಹಲವು ಅಧ್ಯಯನಗಳು ಗುರುತಿಸಿವೆ. ಸಾಂದ್ರತೆ, ಉಷ್ಣತೆ ಬದಲಾದರೆ ಬೇರೆ ಸಮತಲಗಳೂ ಕಾಣಿಸಿಕೊಳ್ಳುತ್ತವೆ. ವೇಗೋತ್ಕರ್ಷ ಅಳೆಯುವ ಸಾಧನದಲ್ಲಿ ತೂಗುವ ಸಿಲಿಕಾನ್ ಗಟ್ಟಿಯ ನಾಲ್ಕೂ ಮೂಲೆ ಹೀಗೆ ಕಳೆದುಹೋದರೆ ಅದರ ತೂಕ, ಸಮತೋಲ ಎರಡೂ ಲೆಕ್ಕ ತಪ್ಪುತ್ತವೆ.

ಪರಿಹಾರದ ತಿರುಳು ಕಾಲವನ್ನು ಗಳಿಸುವುದು. ಮೂಲೆಗೆ ಅಂಟಿಸಿದ ಹೆಚ್ಚುವರಿ ಸಿಲಿಕಾನ್ ಮೊದಲು ಕರಗಬೇಕು. ಅದು ಮುಗಿಯುವ ಕ್ಷಣದಲ್ಲೇ ಹಳ್ಳ ಬೇಕಾದ ಆಳ ತಲುಪಿರಬೇಕು. ಬೇಗ ಮುಗಿದರೆ ಮೂಲೆ ಮೊಂಡಾಗುತ್ತದೆ, ತಡವಾದರೆ ಗಂಟು ಉಳಿಯುತ್ತದೆ.

ಮೂಲೆಯ ಮೇಲೆ ಕೇಂದ್ರವಿಟ್ಟ ಚೌಕ ಅತ್ಯಂತ ಸರಳ ಆಕೃತಿ. ತ್ರಿಕೋನಗಳೂ ⟨110⟩ ದಿಕ್ಕಿನ ಪಟ್ಟಿಗಳೂ ಬಳಕೆಯಲ್ಲಿವೆ. ಪಟ್ಟಿಯನ್ನು ದ್ರಾವಣ ಅದರ ಬಿಡುತುದಿಯಿಂದ ತಿನ್ನುತ್ತ ಬರುವುದರಿಂದ ಉದ್ದವೇ ಕಾಲವನ್ನು ನಿರ್ಧರಿಸುತ್ತದೆ. ಆದರೆ ಇವುಗಳ ಅಳತೆ ಮೂಲೆಯ ಸಮತಲಗಳ ವೇಗವನ್ನು ನೆಚ್ಚಿಕೊಂಡಿದೆ. ದ್ರಾವಣ ಬದಲಾದರೆ ಮತ್ತೆ ಅಳೆಯಲೇಬೇಕು.

ಇವೆಲ್ಲಕ್ಕಿಂತ ಚೆಂದದ ಉಪಾಯ ⟨100⟩ ದಿಕ್ಕಿನ ಪಟ್ಟಿ. ಅದರ ಎರಡು ಬದಿಗಳೂ ನೆಟ್ಟಗೆ ನಿಂತ (100) ಗೋಡೆಗಳು. ಅವು ಕರಗುವ ವೇಗವೂ ಹಳ್ಳದ ತಳ ಕೆಳಗಿಳಿಯುವ ವೇಗವೂ ಒಂದೇ. ಹೀಗಾಗಿ ಪಟ್ಟಿಯ ಅಗಲವನ್ನು ಆಳದ ಎರಡರಷ್ಟಿಟ್ಟರೆ ಸಾಕು: 300 ಮೈಕ್ರೊಮೀಟರ್ ಆಳಕ್ಕೆ 600 ಮೈಕ್ರೊಮೀಟರ್ ಅಗಲ. ದ್ರಾವಣದ ವೇಗ ತುಸು ಏರುಪೇರಾದರೂ ಎರಡೂ ಒಟ್ಟಿಗೇ ಏರುಪೇರಾಗುತ್ತವೆ. ಪಟ್ಟಿಯ ತುದಿ ಬೇರೆ ವೇಗದಲ್ಲಿ ಕರಗುವುದರಿಂದ ಅದನ್ನು ಸಾಕಷ್ಟು ಉದ್ದ ಬಿಡಬೇಕು, ಇಲ್ಲವೇ ಎದುರಿನ ಚೌಕಟ್ಟಿಗೆ ಸೇರಿಸಬೇಕು. ಇದಕ್ಕೆ ತೆರುವ ಬೆಲೆ ಜಾಗ. ಕಿರಿದಾದ ಹಳ್ಳಗಳಲ್ಲಿ ಇಂಥ ಪಟ್ಟಿ ಹಿಡಿಸುವುದೇ ಇಲ್ಲ. ಕೆಒಎಚ್‌ಗೆ ಐಸೊಪ್ರೊಪೈಲ್ ಆಲ್ಕೋಹಾಲ್ ಬೆರೆಸಿದರೆ ನೆಟ್ಟನೆಯ ಗೋಡೆಯ ಬದಲು 45 ಡಿಗ್ರಿ ಓರೆಯ (110) ಗೋಡೆ ಮೂಡಬಹುದು, ಆಗ ಈ ಲೆಕ್ಕವೂ ಕೆಡುತ್ತದೆ.

1990ರಲ್ಲಿ ಸಂಶೋಧಕರಾದ ಪ್ಯೂರ್ಸ್ ಮತ್ತು ಸಾನ್ಸೆನ್ ಈ ಆಕೃತಿಗಳ ಕುರಿತು ಪ್ರಕಟಿಸಿದ ಪ್ರಬಂಧವನ್ನು ಇಂದಿಗೂ ಉಲ್ಲೇಖಿಸಲಾಗುತ್ತದೆ. ಟಿಎಂಎಎಚ್‌ಗೆ ಟ್ರೈಟಾನ್ ಎಕ್ಸ್-100 ಎಂಬ ಮೇಲ್ಮೈಸಕ್ರಿಯ ವಸ್ತುವನ್ನು ಅತ್ಯಲ್ಪ ಪ್ರಮಾಣದಲ್ಲಿ ಬೆರೆಸುವುದು ಮೂಲೆಯನ್ನು ಉಳಿಸುವ ಇನ್ನೊಂದು ದಾರಿ. ಪ್ರೇಮ್ ಪಾಲ್ ಮತ್ತು ಜಪಾನಿನ ಕಜುವೊ ಸಾಟೊ ಇದನ್ನು ವಿಸ್ತಾರವಾಗಿ ಅಧ್ಯಯನ ಮಾಡಿದ್ದಾರೆ. ಈ ದ್ರಾವಣದಲ್ಲಿ ಮೂಲೆಯ ಸವೆತವೇ ಬಹಳ ತಗ್ಗುವುದರಿಂದ ಪರಿಹಾರದ ಆಕೃತಿ ಚಿಕ್ಕದಿದ್ದರೂ ನಡೆಯುತ್ತದೆ.