ಮಸ್ಕಿಯ ಬಂಡೆಯ ಪಾಠವಿಚಾರ

ರಾಯಚೂರು ಜಿಲ್ಲೆಯ ಲಿಂಗಸುಗೂರಿನಿಂದ ಸಿಂಧನೂರಿಗೆ ಸಾಗುವ ಹೆದ್ದಾರಿಯ ನಡುದಾರಿಯಲ್ಲಿರುವ ಊರು ಮಸ್ಕಿ. ಹಿಂದೆ ಲಿಂಗಸುಗೂರು ತಾಲೂಕಿಗೆ ಸೇರಿದ್ದ ಈ ಊರು ಇತ್ತೀಚಿನ ವರ್ಷಗಳಲ್ಲಿ ಪ್ರತ್ಯೇಕ ತಾಲೂಕು ಕೇಂದ್ರವಾಗಿದೆ. ಕೃಷ್ಣಾ ತುಂಗಭದ್ರಾ ನದಿಗಳ ನಡುವಣ ಈ ಭೂಭಾಗವನ್ನು ನಮ್ಮ ಪ್ರಾಚೀನ ಶಾಸನಗಳು ಎಡೆದೊರೆ ನಾಡೆಂದು ಕರೆದಿವೆ. ಎರಡು ತೊರೆಗಳ ಎಡೆಯಲ್ಲಿರುವ ನಾಡಿಗೆ ಇದಕ್ಕಿಂತ ಒಪ್ಪುವ ಹೆಸರು ದೊರೆಯದು. ಪಾರಸಿಯ ದೋಆಬು ಎಂಬ ಮಾತೂ ಇದನ್ನೇ ಹೇಳುತ್ತದೆ. ಆದರೆ ಎಡೆದೊರೆಯೆಂಬುದು ಅದಕ್ಕಿಂತ ಹಲವು ಶತಮಾನಗಳಷ್ಟು ಹಳೆಯದು.

ಈ ನಾಡನ್ನು ಆಧುನಿಕ ಕಾಲದಲ್ಲಿ ಕುತೂಹಲದ ಕಣ್ಣಿನಿಂದ ನೋಡಿದವರಲ್ಲಿ ಮೊದಲಿಗರು ಪಂಡಿತರಲ್ಲ, ಸರಕಾರಿ ಕೆಲಸದ ಮೇಲೆ ಬಂದವರು. ಲಿಂಗಸುಗೂರು ಆಗ ನಿಜಾಮರ ರಾಜ್ಯದ ಒಂದು ಜಿಲ್ಲೆಯ ಮುಖ್ಯಸ್ಥಳ, ದಂಡಿನ ಠಾಣ್ಯ. 1905ರ ಪುನಾರಚನೆಯಲ್ಲಿ ಆ ಜಿಲ್ಲೆ ರದ್ದಾಗಿ ರಾಯಚೂರಿನಲ್ಲಿ ಲೀನವಾಯಿತು. ಪಕ್ಕದ ಸುರಪುರದ ಆಡಳಿತವನ್ನು ನೋಡಿಕೊಳ್ಳುತ್ತಿದ್ದ ಮೆಡೋಸ್ ಟೇಲರ್ ರಾಜನ ಕೋಳೂರು, ಜೇವರ್ಗಿಗಳ ಕಲ್ಗೋರಿಗಳನ್ನು ಅಗೆಸಿ ನೋಡಿ ವರದಿ ಬರೆದ. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ 1870ರಲ್ಲಿಯೂ 1888ರಲ್ಲಿಯೂ ಮಸ್ಕಿಗೆ ಬಂದು ಹೊಲಗಳಲ್ಲಿ ಬಿದ್ದಿದ್ದ ಶಿಲಾಯುಧ, ಮಡಕೆಚೂರುಗಳನ್ನು ಆರಿಸಿ ಒಯ್ದ. ಅವನ ಸಂಗ್ರಹದ ಪಟ್ಟಿಯಲ್ಲಿ ಮಸ್ಕಿಗೆ ದೊಡ್ಡ ಸ್ಥಾನವೇ ಇದೆ. ಆದರೆ ಆ ಪಟ್ಟಿಯಲ್ಲೆಲ್ಲೂ ಗುಡ್ಡದ ಬಂಡೆಯೊಂದರ ಮೇಲೆ ಅಕ್ಷರಗಳಿವೆಯೆಂಬ ಸುದ್ದಿಯಿಲ್ಲ. ಕಲ್ಲಿನ ಜಾತಿಯನ್ನು ಬಲ್ಲ ಕಣ್ಣಿಗೆ ಕಲ್ಲಿನ ಮೇಲಣ ಲಿಪಿ ಕಾಣದೆ ಹೋಯಿತು.

ಅದು ಕಂಡದ್ದು 1915ರ ಜನವರಿ 27ರಂದು. ಹಳೆಯ ಚಿನ್ನದ ಗಣಿಗಳ ಜಾಡು ಹಿಡಿದು ಬಂದಿದ್ದ ಸಿ. ಬೀಡನ್ ಎಂಬ ಗಣಿ ಎಂಜಿನಿಯರು ದುರ್ಗದ ಗುಡ್ಡದ ಬಂಡೆಗಳ ನಡುವಣ ಗವಿಯಂಥ ಆಸರೆಯಲ್ಲಿ ಈ ಬರಹವನ್ನು ಗುರುತಿಸಿದನು. ಹೈದರಾಬಾದು ಸಂಸ್ಥಾನದ ಪುರಾತತ್ತ್ವ ಇಲಾಖೆ ಸ್ಥಾಪನೆಯಾಗಿ ಆಗ ಒಂದೇ ವರ್ಷವಾಗಿತ್ತು. ಆ ಇಲಾಖೆಯ ಗ್ರಂಥಮಾಲೆಯ ಮೊದಲನೆಯ ಪುಸ್ತಕವಾಗಿ, ಅದೇ ವರ್ಷ, ಹೆಚ್. ಕೃಷ್ಣಶಾಸ್ತ್ರಿಗಳು ಶಾಸನವನ್ನು ಸಂಪಾದಿಸಿ ಪ್ರಕಟಿಸಿದರು. ಎಂಟು ಸಾಲಿನ ಬರಹ. ಅಲ್ಲಲ್ಲಿ ಕಲ್ಲು ಚಕ್ಕೆಯೆದ್ದಿದೆ. ವಿಷಯವೂ ಹೊಸದಲ್ಲ. ರೂಪನಾಥ, ಸಹಸರಾಮ, ಬೈರಾಟಗಳಲ್ಲಿಯೂ, ಬಿ.ಎಲ್. ರೈಸರು 1892ರಲ್ಲಿ ಬೆಳಕಿಗೆ ತಂದ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿಯೂ ದೊರೆತಿದ್ದ ಕಿರುಶಾಸನದ ಇನ್ನೊಂದು ಪ್ರತಿಯಿದು. ಹೊಸದಾಗಿದ್ದುದು ಮೊದಲ ಸಾಲಿನ ಒಂದೇ ಪದ: ‘ಅಸೋಕಸ’.

ಈ ಪದದ ಬೆಲೆಯನ್ನು ಅರಿಯಲು ಎಪ್ಪತ್ತೆಂಟು ವರ್ಷ ಹಿಂದಕ್ಕೆ ಹೋಗಬೇಕು. 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಬ್ರಾಹ್ಮೀಲಿಪಿಯನ್ನು ಓದಿದಾಗ ಸ್ತಂಭಗಳಲ್ಲೆಲ್ಲ ಕಂಡುಬಂದ ರಾಜನು ‘ದೇವಾನಂಪಿಯ ಪಿಯದಸಿ’. ಇವನಾರೆಂಬುದು ಶಿಲೆಯಿಂದ ತಿಳಿಯಲಿಲ್ಲ. ಸಿಂಹಳದಲ್ಲಿದ್ದ ಜಾರ್ಜ್ ಟರ್ನರ್, ‘ದೀಪವಂಸ’ದ ಹಸ್ತಪ್ರತಿಯಲ್ಲಿ ಪಿಯದಸ್ಸಿಯೆಂಬುದು ಚಂದ್ರಗುಪ್ತನ ಮೊಮ್ಮಗನಾದ ಅಶೋಕನ ಹೆಸರಾಗಿ ಬಂದಿರುವುದನ್ನು ತೋರಿಸಿಕೊಟ್ಟ ಮೇಲೆಯೇ ಸಮಾಧಾನ ದೊರೆಯಿತು. ಎಂದರೆ ಶಿಲಾಲಿಪಿಯ ಬೀಗಕ್ಕೆ ಕೀಲಿಕೈ ದೊರೆತದ್ದು ಓಲೆಗರಿಯಲ್ಲಿ. ಈ ಸಮೀಕರಣವನ್ನು ಬಹುಮಂದಿ ಒಪ್ಪಿದ್ದರೂ ಅದು ಅನುಮಾನಪ್ರಮಾಣವೇ ಆಗಿತ್ತು. ಮಸ್ಕಿಯ ಬಂಡೆ ಅದನ್ನು ಪ್ರತ್ಯಕ್ಷಕ್ಕೆ ತಂದಿತು. ಶಿಲೆಯೂ ಓಲೆಯೂ ಪರಸ್ಪರ ಸಾಕ್ಷಿ ನುಡಿದ ಇಂಥ ನಿದರ್ಶನ ವಿರಳ. ಮುಂದೆ 1950ರ ದಶಕದಲ್ಲಿ ಮಧ್ಯಪ್ರದೇಶದ ಗುಜರ್ರಾದಲ್ಲಿ ದೊರೆತ ಪ್ರತಿಯಲ್ಲಿ ಪಿಯದಸಿ, ಅಶೋಕ ಎಂಬ ಎರಡು ಹೆಸರುಗಳೂ ಒಟ್ಟಿಗೇ ಬಂದು ಇದ್ದ ಅಲ್ಪಸ್ವಲ್ಪ ಶಂಕೆಯೂ ಕಳೆಯಿತು. 1970ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯ ನಿಟ್ಟೂರು, ಉಡೇಗೋಳಗಳ ಬಂಡೆಗಳಲ್ಲಿಯೂ ಅಶೋಕನೆಂಬ ಹೆಸರು ಕಾಣಿಸಿತು. ಮಸ್ಕಿಯನ್ನು ನೋಡಿದ ಪ್ರವಾಸಿ ಸಿಂಧನೂರನ್ನು ಹಾಯ್ದು, ದಢೇಸುಗೂರಿನ ಸೇತುವೆಯಲ್ಲಿ ತುಂಗಭದ್ರೆಯನ್ನು ದಾಟಿದರೆ ಸಿರುಗುಪ್ಪದ ಸೀಮೆ ಸಿಗುತ್ತದೆ. ನಿಟ್ಟೂರು ಆ ಸೀಮೆಯದೇ. ಈ ಹೆಸರನ್ನು ಹೊತ್ತ ಬಂಡೆಗಳಲ್ಲಿ ಹೆಚ್ಚಿನವು ಈ ಒಂದು ನದಿಯ ಎರಡು ಮಗ್ಗುಲಲ್ಲೇ ಇರುವುದು ಗಮನಾರ್ಹ.

ಹೆಸರಿನ ಮಾತು ಹಾಗಿರಲಿ. ಜೈನ ವಿದ್ವಾಂಸರಿಗೆ ಇದಕ್ಕಿಂತ ಹತ್ತಿರದ ಪ್ರಶ್ನೆಯೊಂದು ಇದೇ ಬಂಡೆಯಲ್ಲಿದೆ. 1877ರಲ್ಲಿ ಎಡ್ವರ್ಡ್ ಥಾಮಸ್ ಎಂಬ ನಾಣ್ಯಶಾಸ್ತ್ರಜ್ಞ ಅಶೋಕನ ಮೊದಲ ಮತ ಜೈನಧರ್ಮವೆಂದು ಪ್ರತಿಪಾದಿಸಿ ಪ್ರತ್ಯೇಕ ಗ್ರಂಥವನ್ನೇ ಬರೆದನು. ಅಶೋಕನು ಕಾಶ್ಮೀರದಲ್ಲಿ ಜಿನಶಾಸನವನ್ನು ಆಶ್ರಯಿಸಿದನೆಂಬ ಕಲ್ಹಣನ ‘ರಾಜತರಂಗಿಣಿ’ಯ ಮಾತು ಅವನ ಆಧಾರಗಳಲ್ಲಿ ಮುಖ್ಯವಾದುದು. ಈ ವಾದ ನಮ್ಮಲ್ಲಿ ಕೆಲವರಿಗೆ ಪ್ರಿಯವಾದುದು ಸಹಜ. ಆದರೆ ‘ಜಿನ’ ಶಬ್ದ ಬುದ್ಧನಿಗೂ ಸಲ್ಲುತ್ತದೆಂಬುದನ್ನು ‘ಅಮರಕೋಶ’ ಕಲಿತ ವಿದ್ಯಾರ್ಥಿಯೂ ಬಲ್ಲ. ಅಲ್ಲದೆ ಕಲ್ಹಣನು ಅದೇ ಪ್ರಸಂಗದಲ್ಲಿ ಸ್ತೂಪಗಳ ಮಾತನ್ನು ಆಡಿದ್ದಾನೆ.

ಕಿರುಶಾಸನದ ಇತರ ಪ್ರತಿಗಳಿಂದಲೂ ಈ ಪ್ರಶ್ನೆ ಪೂರ್ತಿಯಾಗಿ ತೀರುತ್ತಿರಲಿಲ್ಲ. ಬ್ರಹ್ಮಗಿರಿಯ ಪ್ರತಿಯಲ್ಲಿ ಅರಸನು ತಾನು ಎರಡೂವರೆ ವರ್ಷಕ್ಕೂ ಮೇಲ್ಪಟ್ಟು ‘ಉಪಾಸಕ’ನಾಗಿದ್ದೇನೆ, ಒಂದು ವರ್ಷಕ್ಕೂ ಮೇಲ್ಪಟ್ಟು ಸಂಘದ ಸನಿಹದಲ್ಲಿದ್ದೇನೆ ಎನ್ನುತ್ತಾನೆ. ಉಪಾಸಕ, ಸಂಘ ಎಂಬೆರಡೂ ಜೈನರಿಗೆ ಪರಕೀಯ ಶಬ್ದಗಳಲ್ಲ. ಏಳನೆಯ ಅಂಗದ ಹೆಸರೇ ‘ಉವಾಸಗದಸಾಓ’. ಆದುದರಿಂದ ಆ ಪ್ರತಿಯೊಂದನ್ನೇ ಹಿಡಿದು ವಾದಿಸುವವನಿಗೆ ಬಾಯಿ ಕಟ್ಟಿಸುವುದು ಕಷ್ಟ. ಮಸ್ಕಿಯ ಪ್ರತಿಯಲ್ಲಿ ಈ ಸ್ಥಾನದಲ್ಲಿ ಕೃಷ್ಣಶಾಸ್ತ್ರಿಗಳೂ ಅನಂತರ 1925ರಲ್ಲಿ ಅಶೋಕನ ಶಾಸನಗಳನ್ನೆಲ್ಲ ಸಂಪಾದಿಸಿದ ಹುಲ್ಟ್ಸ್‌ರೂ ಓದಿದ ಪಾಠ ‘ಬುಧಸಕೆ’ ಎಂಬುದು. ಅಶೋಕನ ಲಿಪಿಕಾರರು ಒತ್ತಕ್ಷರವನ್ನು ಇಮ್ಮಡಿಸಿ ಬರೆಯುವುದಿಲ್ಲ. ಬುದ್ಧ ಎಂಬುದು ಬುಧ ಎಂದೇ ಆಗುತ್ತದೆ. ಬುಧನೆಂದರೆ ಜ್ಞಾನಿ ಎಂದು ಅರ್ಥಮಾಡಬಹುದಲ್ಲವೇ ಎಂದು ಕೇಳುವವರಿಗೆ ಮುಂದಿನ ‘ಸಕೆ’ ಉತ್ತರವಾಗಿ ನಿಲ್ಲುತ್ತದೆ: ಬುದ್ಧನ ಅನುಯಾಯಿಯಾದ ಶಾಕ್ಯನು ಎಂದು ಅದರ ಅರ್ಥ. ‘ಸಕೆ’ಯನ್ನು ‘ಉಪಾಸಕೆ’ ಎಂದು ತಿದ್ದಿಕೊಂಡರೂ ಬುದ್ಧನ ಹೆಸರು ಹೋಗುವುದಿಲ್ಲ. ಹೀಗೆ, ಅರಸನ ಧರ್ಮಾಚರಣೆಯ ಆರಂಭವನ್ನು ಹೇಳುವ ಶಾಸನದಲ್ಲಿಯೇ ಅವನ ಮತ ಯಾವುದೆಂಬುದನ್ನು ಮಸ್ಕಿ ನುಡಿದುಬಿಟ್ಟಿದೆ. ಅದಕ್ಕೂ ಹಿಂದೆ ಅವನು ಏನಾಗಿದ್ದನೆಂಬುದನ್ನು ಬಂಡೆ ಹೇಳುವುದಿಲ್ಲ. ಹೇಳದುದನ್ನು ಅದರ ಬಾಯಲ್ಲಿ ಹೇಳಿಸುವುದು ಸಂಪಾದಕನ ಧರ್ಮವಲ್ಲ. ಅಶೋಕನ ಕಾಲದ ಜೈನರನ್ನು ಅರಸುವವರಿಗೆ ದಿಲ್ಲಿ-ತೋಪ್ರಾ ಸ್ತಂಭದ ಏಳನೆಯ ಶಾಸನವಿದೆ. ಧರ್ಮಮಹಾಮಾತ್ರರು ನಿರ್ಗ್ರಂಥರ ಹಿತವನ್ನೂ ನೋಡಬೇಕೆಂದು ಅದರಲ್ಲಿ ಸ್ಪಷ್ಟವಾಗಿ ಹೇಳಿದೆ. ಥಾಮಸನ ಇಡೀ ಗ್ರಂಥಕ್ಕಿಂತ ಆ ಒಂದು ಪದ ಹೆಚ್ಚು ತೂಕದ್ದು.

ಪ್ರತಿಗಳ ನಡುವಣ ಇಂಥ ಪಾಠಭೇದಗಳು ಹಸ್ತಪ್ರತಿಗಳ ಪರಿಚಯವಿದ್ದವರಿಗೆ ಅಚ್ಚರಿಯುಂಟುಮಾಡುವುದಿಲ್ಲ. ‘ನಾನು’ ಎಂಬುದಕ್ಕೆ ಬ್ರಹ್ಮಗಿರಿಯಲ್ಲಿ ‘ಹಕಂ’ ಎಂದಿದೆ. ಮಸ್ಕಿಯಲ್ಲಿ ಆ ಸರ್ವನಾಮವಿಲ್ಲದೆ ‘ಸುಮಿ’ ಎಂಬ ಕ್ರಿಯಾಪದವೇ ಆ ಕೆಲಸವನ್ನು ಮಾಡುತ್ತದೆ. ಬ್ರಹ್ಮಗಿರಿಯ ಶಾಸನ ಸುವರ್ಣಗಿರಿಯ ಆರ್ಯಪುತ್ರನ ಆಜ್ಞೆಯಾಗಿ ಇಸಿಲದ ಅಧಿಕಾರಿಗಳಿಗೆ ಹೊರಟ ಓಲೆಯ ರೂಪದಲ್ಲಿದೆ. ಕೊನೆಗೆ ಚಪಡನೆಂಬ ಲಿಪಿಕಾರನ ಹೆಸರೂ ಇದೆ. ಆತನು ‘ಲಿಪಿಕರೇಣ’ ಎಂಬ ಒಂದು ಮಾತನ್ನು ಮಾತ್ರ ವಾಯವ್ಯದ ಖರೋಷ್ಠೀಲಿಪಿಯಲ್ಲಿ ಬರೆದು ತನ್ನ ಜಾಣ್ಮೆ ಮೆರೆದಿದ್ದಾನೆ. ನಮ್ಮ ಓಲೆಗರಿಗಳ ಪ್ರತಿಕಾರರ ಪುಷ್ಪಿಕೆಗಳಿಗೆ ಇವನನ್ನು ಮೂಲಪುರುಷನೆನ್ನಲಡ್ಡಿಯಿಲ್ಲ. ಆ ಸುವರ್ಣಗಿರಿ ಯಾವುದೆಂಬ ಚರ್ಚೆ ಮುಗಿದಿಲ್ಲ. ಕೃಷ್ಣಶಾಸ್ತ್ರಿಗಳು ಮಸ್ಕಿಯ ದಕ್ಷಿಣಕ್ಕಿರುವ ಕನಕಗಿರಿಯನ್ನು ಸೂಚಿಸಿದರು. ಆಂಧ್ರದ ಜೊನ್ನಗಿರಿಯ ಪಕ್ಷವನ್ನು ಹಿಡಿದವರೂ ಉಂಟು. ಲಿಂಗಸುಗೂರು ತಾಲೂಕಿನ ಹಟ್ಟಿಯ ಚಿನ್ನದ ಗಣಿಗಳನ್ನು ಕಂಡವರಿಗೆ ಮೊದಲನೆಯ ಪಕ್ಷವೇ ರುಚಿಸೀತು. ಆದರೆ ಹೆಸರಿನ ಅರ್ಥಸಾಮ್ಯವೊಂದೇ ನಿರ್ಣಾಯಕವಾಗಲಾರದು.

ಅಶೋಕನ ಲಿಪಿಯಲ್ಲಿ ಅನುಸ್ವಾರವೆಂದರೆ ಅಕ್ಷರದ ಬಲಗಡೆಯ ಒಂದು ಚುಕ್ಕೆ. ಸವೆದ ಬಂಡೆಯ ಮೇಲೆ ಚುಕ್ಕೆ ಯಾವುದು, ಕಲ್ಲಿನ ಕುಳಿ ಯಾವುದು ಎಂದು ಗುರುತಿಸುವುದು ಅನುಭವಿಗಳಿಗೂ ಕಷ್ಟ. ಇದೇ ಅಶೋಕನ ಮನೆತನದ ಬಗೆಗೆ ಹೇಮಚಂದ್ರನ ‘ಪರಿಶಿಷ್ಟಪರ್ವ’ ಹೇಳುವ ಕಥೆ ಇಲ್ಲಿ ನೆನಪಾಗದಿರದು. ರಾಜಕುಮಾರ ಕುಣಾಲನು ಓದನ್ನು ಆರಂಭಿಸಲೆಂದು ಅಶೋಕಶ್ರೀ ಓಲೆ ಬರೆದನಂತೆ. ಮಲತಾಯಿ ಕಾಡಿಗೆಯ ಕಡ್ಡಿಯಿಂದ ಒಂದು ಬಿಂದುವನ್ನಿಟ್ಟಳಂತೆ. ‘ಅಧೀಯಉ’ ಎಂಬುದು ‘ಅಂಧೀಯಉ’ ಎಂದಾಗಿ, ತಂದೆಯ ಆಜ್ಞೆಯನ್ನು ಮೀರಲೊಲ್ಲದ ಕುಮಾರ ತನ್ನ ಕಣ್ಣುಗಳನ್ನು ತಾನೇ ಕಳೆದುಕೊಂಡನಂತೆ. ಇದು ಇತಿಹಾಸವೆಂದು ಯಾರೂ ಹಟಹಿಡಿಯಬೇಕಾಗಿಲ್ಲ. ಆದರೆ ಶಿಲೆಯಲ್ಲಿ ಅಶೋಕನ ಹೆಸರು ಓದಿಗೆ ಸಿಗುವುದಕ್ಕೆ ಏಳುನೂರು ವರ್ಷಗಳ ಮೊದಲೇ ಜೈನ ಗ್ರಂಥಕಾರರು ಆ ಹೆಸರನ್ನು, ಬಿಂದುಸಾರನ ಮಗ, ಸಂಪ್ರತಿಯ ಅಜ್ಜ ಎಂಬ ಸಂಬಂಧಗಳ ಸಹಿತವಾಗಿ ಉಳಿಸಿಕೊಂಡು ಬಂದಿದ್ದರೆಂಬುದು ಇತಿಹಾಸವೇ. ಟರ್ನರ್ ಸಿಂಹಳದ ಗ್ರಂಥವನ್ನು ಆಶ್ರಯಿಸಿದನೆಂಬುದರಿಂದ ಈ ಪರಂಪರೆಯ ಬೆಲೆ ತಗ್ಗುವುದಿಲ್ಲ.

ಮಸ್ಕಿ ಮೌರ್ಯರ ಕಾಲದ ಊರು ಮಾತ್ರವಲ್ಲ. 1954ರಲ್ಲಿ ಬಿ.ಕೆ. ಥಾಪರರು ನಡೆಸಿದ ಉತ್ಖನನದಲ್ಲಿ ನವಶಿಲಾ-ತಾಮ್ರ ಯುಗದಿಂದ ಮಧ್ಯಯುಗದವರೆಗಿನ ನಾಲ್ಕು ಹಂತಗಳ ವಸತಿ ಕಂಡುಬಂದಿತು. ಚಾಲುಕ್ಯ ಎರಡನೆಯ ಜಯಸಿಂಹನ ಕಾಲದ, ಶಕವರ್ಷ 949ರ (ಕ್ರಿ.ಶ. 1027) ಇಲ್ಲಿಯ ಕನ್ನಡ ಶಾಸನ ಈ ಊರನ್ನು ‘ರಾಜಧಾನಿ ಪಿರಿಯ ಮೊಸಂಗಿ’ ಎಂದು ಕರೆದಿದೆ. ರಾಜೇಂದ್ರಚೋಳನ ತಮಿಳು ಪ್ರಶಸ್ತಿಗಳಲ್ಲಿ ಜಯಸಿಂಹನು ಬೆನ್ನು ತೋರಿದ ರಣರಂಗವೆಂದು ವರ್ಣಿತವಾದ ಮುಯಂಗಿ ಅಥವಾ ಮುಶಂಗಿ ಇದೇ ಎಂದು ಹಲವರ ಮತ. ಉಚ್ಚಂಗಿಯೆಂಬ ಹಳೆಯ ಸಮೀಕರಣಕ್ಕಿಂತ ಇದು ಧ್ವನಿಯ ದೃಷ್ಟಿಯಿಂದಲೂ ಎಡೆದೊರೆ ನಾಡಿಗಾಗಿ ನಡೆದ ಹೋರಾಟದ ದೃಷ್ಟಿಯಿಂದಲೂ ಹೆಚ್ಚು ಒಪ್ಪುತ್ತದೆ. ಲಿಂಗಸುಗೂರಿನ ಕಡೆಗೆ ಮುದಗಲ್ಲಿನ ಕೋಟೆಯೂ, ಆಲ್ಚಿನ್‌ರ 1960ರ ಗ್ರಂಥದಿಂದ ಪ್ರಸಿದ್ಧವಾದ ಪಿಕ್ಲಿಹಾಳದ ನವಶಿಲಾಯುಗದ ನೆಲೆಯೂ ಇವೆ. ಸಿಂಧನೂರಿನ ಕಡೆಗೆ ಎಡದಂಡೆ ಕಾಲುವೆಯ ನೀರು ಬಂದ ಮೇಲೆ ಭತ್ತದ ಗದ್ದೆಗಳೇ ಗದ್ದೆಗಳು; ನೆಲ ಸಮತಟ್ಟಾದಲ್ಲಿ ಹಳೆಯ ದಿಬ್ಬಗಳನ್ನು ಹುಡುಕುವವನಿಗೆ ಕೆಲಸ ಕಡಿಮೆ.

ಈ ಮಾರ್ಗದ ಯಾತ್ರೆಯನ್ನು ಕೊಪ್ಪಳಕ್ಕೆ ಮುಂದುವರಿಸದೆ ಇರುವಂತಿಲ್ಲ. ‘ಕವಿರಾಜಮಾರ್ಗ’ ಹೆಸರಿಸಿದ ಈ ಕೊಪಣನಗರ ಜೈನರ ಮಹಾತೀರ್ಥ. ಇಲ್ಲಿಯ ಗವಿಮಠದಲ್ಲಿಯೂ ಪಾಲ್ಕಿಗುಂಡಿನಲ್ಲಿಯೂ 1931ರಲ್ಲಿ ಅದೇ ಕಿರುಶಾಸನದ ಎರಡು ಪ್ರತಿಗಳು ದೊರೆತವು. ಪಾಲ್ಕಿಗುಂಡಿನ ಅದೇ ಗುಡ್ಡದಲ್ಲಿ ಜೋಡಿಪಾದಗಳ ಶಿಲ್ಪವೂ ಎರಡು ಸಾಲಿನ ಹಳಗನ್ನಡ ಬರಹವೂ ಇವೆ: ಜಟಾಸಿಂಗನಂದಿ ಆಚಾರ್ಯರ ಪಾದಗಳನ್ನು ಚಾವಯ್ಯನೆಂಬವನು ಮಾಡಿಸಿದನೆಂದು ಅದರ ತಾತ್ಪರ್ಯ.

ಈ ಆಚಾರ್ಯರ ವಿಚಾರದಲ್ಲಿಯೂ ಮಸ್ಕಿಯ ಪ್ರಶ್ನೆಯೇ ಇನ್ನೊಂದು ಬಗೆಯಲ್ಲಿ ಎದುರಾಗಿತ್ತು. ಸಂಸ್ಕೃತದ ‘ವರಾಂಗಚರಿತ’ದ ಓಲೆಪ್ರತಿಗಳಲ್ಲಿ ಕರ್ತೃವಿನ ಹೆಸರಿಲ್ಲ. ‘ಹರಿವಂಶಪುರಾಣ’ದಲ್ಲಿ ರವಿಷೇಣನ ಪ್ರಶಂಸೆಯ ಮಗ್ಗುಲಲ್ಲಿಯೇ ಈ ಕಾವ್ಯದ ಮಾತು ಬಂದುದರಿಂದ, ‘ಪದ್ಮಚರಿತ’ದ ಕವಿಯೇ ಇದಕ್ಕೂ ಕರ್ತೃವೆಂದು ನಾಥೂರಾಮ ಪ್ರೇಮಿಯವರಂಥ ವಿದ್ವಾಂಸರು ಊಹಿಸಿದ್ದರು. ಡಾ. ಆ.ನೇ. ಉಪಾಧ್ಯೆಯವರು 779ರ ‘ಕುವಲಯಮಾಲಾ’ದಲ್ಲಿ ಜಡಿಲನೆಂಬ ಕವಿಗೆ ‘ವರಾಂಗಚರಿತ’ವನ್ನು ಆರೋಪಿಸಿರುವುದನ್ನೂ, 978ರ ‘ಚಾವುಂಡರಾಯ ಪುರಾಣ’ದಲ್ಲಿ ಜಟಾಸಿಂಹನಂದ್ಯಾಚಾರ್ಯರದೆಂದು ಉದ್ಧೃತವಾದ ವೃತ್ತ ಈ ಕಾವ್ಯದಲ್ಲಿಯೇ ದೊರೆಯುವುದನ್ನೂ ಎತ್ತಿ ತೋರಿಸಿ ಕರ್ತೃವನ್ನು ನಿರ್ಧರಿಸಿದರು. 1938ರಲ್ಲಿ ಮಾಣಿಕಚಂದ್ರ ಗ್ರಂಥಮಾಲೆಯಲ್ಲಿ ಕಾವ್ಯ ಅಚ್ಚಾಯಿತು. ಆ ಗ್ರಂಥದ ಪೀಠಿಕೆಯನ್ನು ಓದಿಕೊಂಡು ಪಾಲ್ಕಿಗುಂಡನ್ನು ಏರಿದವನಿಗೆ, ಮೇಲೆ ಮೌರ್ಯರ ಬ್ರಾಹ್ಮಿಯೂ ಅದೇ ಗುಡ್ಡದಲ್ಲಿ ಚಾವಯ್ಯನ ಎರಡು ಸಾಲೂ ಒಂದೇ ಹೊತ್ತಿನಲ್ಲಿ ಓದಲು ಸಿಗುತ್ತವೆ. ಬೆಳಗಿನ ಓರೆಬಿಸಿಲಿನಲ್ಲಿ ಅಕ್ಷರಗಳು ಹೆಚ್ಚು ಸ್ಪಷ್ಟವಾಗಿರುತ್ತವೆ. ನಡುಹಗಲು ಏರಿದವರು ಬರಿಯ ಬಂಡೆಯನ್ನು ಕಂಡು ಇಳಿಯುತ್ತಾರೆ.