ಭಟ್ಕಳದ ಬುಲ್‌ಡಾಗ್ ಪ್ರಕರಣ

ಭಟ್ಕಳದ ಬುಲ್‌ಡಾಗ್ ಪ್ರಕರಣವೆಂದರೆ, ನಾಯಿಯೊಂದು ದೇವರಿಗೆ ಬಿಟ್ಟ ಹಸುವನ್ನು ಕೊಂದದ್ದಕ್ಕಾಗಿ 1670ರಲ್ಲಿ ಅಲ್ಲಿನ ಇಂಗ್ಲಿಷ್ ಕೋಠಿಯ 18 ಮಂದಿಯೂ ಊರವರ ಕೈಯಲ್ಲಿ ಹತರಾದರು ಎನ್ನುವ ಘಟನೆ. ಇದನ್ನು ದಾಖಲಿಸಿದವನು ಸ್ಕಾಟ್ಲೆಂಡಿನ ನಾವಿಕ ಅಲೆಕ್ಸಾಂಡರ್ ಹ್ಯಾಮಿಲ್ಟನ್. 1727ರಲ್ಲಿ ಎಡಿನ್‌ಬರೋದಲ್ಲಿ ಪ್ರಕಟವಾದ ಅವನ ಪೂರ್ವದೇಶಗಳ ವೃತ್ತಾಂತದಿಂದ ಕಥೆ ಗೆಜೆಟಿಯರುಗಳಿಗೆ ದಾಟಿತು.

ಶರಾಬಿ ಹೊಳೆಯ ಬಾಯಲ್ಲಿರುವ ಭಟ್ಕಳ ವಿಜಯನಗರದ ಕಾಲದಲ್ಲಿ ಅರಬ್ಬಿ ಕುದುರೆಗಳು ಬಂದಿಳಿಯುತ್ತಿದ್ದ ರೇವು. 1542ರಲ್ಲಿ ಪೋರ್ಚುಗೀಸರು ಅದನ್ನು ಸೂರೆ ಮಾಡಿ ಸುಟ್ಟರು. ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯ ಪತನದ ನಂತರ ಕರಾವಳಿಯ ಈ ಭಾಗ ಕೆಳದಿ ನಾಯಕರ ಕೈಸೇರಿತು. ಘಟ್ಟದ ಮೇಲಿನ ಕಾಳುಮೆಣಸು ಇಳಿದುಬರುತ್ತಿದ್ದುದು ಭಟ್ಕಳ, ಹೊನ್ನಾವರ ಮತ್ತು ಕುಮಟೆಯ ಹತ್ತಿರದ ಮಿರ್ಜಾನಕ್ಕೆ. ಇಂಗ್ಲಿಷರನ್ನು ಇಲ್ಲಿಗೆ ಎಳೆತಂದದ್ದೂ ಆ ಮೆಣಸೇ.

ಹ್ಯಾಮಿಲ್ಟನ್ ಹೇಳುವಂತೆ, ಸರಕು ತುಂಬಲು ಬಂದಿದ್ದ ಹಡಗೊಂದರ ಕಪ್ತಾನ ತನ್ನ ಒಳ್ಳೆಯ ಬುಲ್‌ಡಾಗನ್ನು ಕೋಠಿಯ ಮುಖ್ಯಸ್ಥನಿಗೆ ಉಡುಗೊರೆಯಾಗಿ ಕೊಟ್ಟ. ಹಡಗು ಹೊರಟುಹೋದ ಮೇಲೆ ಕೋಠಿಯವರೆಲ್ಲ ಬೇಟೆಗೆಂದು ನಾಯಿಯನ್ನು ಕರೆದುಕೊಂಡು ಊರೊಳಗಿನಿಂದ ಸಾಗಿದರು. ದಾರಿಯಲ್ಲಿ ನಾಯಿ ದೇವಸ್ಥಾನದ ಹಸುವಿನ ಮೇಲೆ ಬಿದ್ದು ಅದನ್ನು ಕೊಂದೇಬಿಟ್ಟಿತು. ಅರ್ಚಕರು ಜನರನ್ನು ಸೇರಿಸಿದರು. ಬೇಟೆಗೆ ಹೊರಟವರಲ್ಲಿ ಒಬ್ಬನೂ ಉಳಿಯಲಿಲ್ಲ. ಇಂಗ್ಲಿಷರ ಬಗ್ಗೆ ಸ್ನೇಹವಿದ್ದ ಕೆಲವು ಸ್ಥಳೀಯರು ದೊಡ್ಡ ಗುಂಡಿ ತೋಡಿ 18 ಹೆಣಗಳನ್ನೂ ಒಟ್ಟಿಗೆ ಹೂಳಿದರು. ಕಾರವಾರದ ಕೋಠಿಯ ಮುಖ್ಯಸ್ಥ ಅಲ್ಲಿಗೆ ಒಂದು ಕಲ್ಲು ಕಳುಹಿಸಿದನೆಂದೂ, ಅದರ ಮೇಲೆ ಜಾನ್ ಬೆಸ್ಟ್ ಮತ್ತು ಇತರ 17 ಇಂಗ್ಲಿಷರು ಪುರೋಹಿತರ ಮತ್ತು ರೊಚ್ಚಿಗೆದ್ದ ಗುಂಪಿನ ಸಿಟ್ಟಿಗೆ ಬಲಿಯಾದರೆಂಬ ಅರ್ಥದ ಬರಹವಿತ್ತೆಂದೂ ಹ್ಯಾಮಿಲ್ಟನ್ ಬರೆಯುತ್ತಾನೆ. ಇಷ್ಟೆಲ್ಲಕ್ಕೂ ಕಾರಣವಾದ ನಾಯಿ ಏನಾಯಿತೆಂದು ಮಾತ್ರ ಅವನು ಹೇಳುವುದಿಲ್ಲ.

ನಾಯಿಯ ಮಟ್ಟಿಗೆ ಅದು ಮಾಡಿದ್ದು ಕುಲಕಸುಬು. ಇಂಗ್ಲೆಂಡಿನಲ್ಲಿ ಗೂಳಿಯನ್ನು ಗೂಟಕ್ಕೆ ಕಟ್ಟಿ ಅದರ ಮೇಲೆ ನಾಯಿ ಛೂಬಿಡುವ ಆಟ ಶತಮಾನಗಳ ಕಾಲ ನಡೆದು, 1835ರಲ್ಲಿ ಕಾನೂನಿನಿಂದ ನಿಂತಿತು. ಗೂಳಿಯ ಮೂತಿಗೆ ಹಲ್ಲು ಹಾಕಿದರೆ ಬಿಡಬಾರದು ಎಂಬ ಒಂದೇ ಗುಣಕ್ಕಾಗಿ ಈ ತಳಿಯನ್ನು ಬೆಳೆಸಿದ್ದರು. ಇಂಗ್ಲಿಷ್ ನಾಯಿಗಳಿಗೆ ಹಿಂದೂಸ್ತಾನದಲ್ಲಿ ಮರ್ಯಾದೆಯೂ ಇತ್ತು. ಇಂಗ್ಲೆಂಡಿನ ರಾಯಭಾರಿ ಥಾಮಸ್ ರೋ ಮೊಘಲ್ ದರ್ಬಾರಿನಲ್ಲಿದ್ದಾಗ ಜಹಾಂಗೀರ್ ಬಾದಶಹನೇ ಮ್ಯಾಸ್ಟಿಫ್ ನಾಯಿಗಳನ್ನು ಬಯಸಿ ತರಿಸಿಕೊಂಡಿದ್ದ. ಆದರೆ ದೇವರ ಹೆಸರಿನಲ್ಲಿ ಬಿಟ್ಟ ದನಗಳು ನಡುಬೀದಿಯಲ್ಲಿ ಅಡ್ಡಾಡುವ ಊರಿಗೆ ಇಂಥದ್ದನ್ನು ಉಡುಗೊರೆ ಕೊಟ್ಟು ಹಡಗು ಹತ್ತಿದ ಕಪ್ತಾನನ ಬುದ್ಧಿಗೆ ಏನೆನ್ನಬೇಕೋ!

ಕಥೆಯನ್ನು ಇದ್ದಂತೆಯೇ ನಂಬುವುದು ಕಷ್ಟ. ಹ್ಯಾಮಿಲ್ಟನ್ ಪೂರ್ವದ ಕಡಲಿಗೆ ಬಂದದ್ದೇ 1688ರಲ್ಲಿ. ಅಚ್ಚಿನಲ್ಲಿ ಕಥೆ ಕಾಣಿಸಿಕೊಳ್ಳುವ ಹೊತ್ತಿಗೆ 57 ವರ್ಷ ಕಳೆದಿತ್ತು. ಮೆಣಸು ಕೊಳ್ಳುವ ಸಣ್ಣ ಕೋಠಿಯೊಂದಕ್ಕೆ 18 ಮಂದಿ ಎಂಬ ಲೆಕ್ಕವೂ ಹೆಚ್ಚೇ.

ಸಮಾಧಿಗಳೂ ಬೇರೆಯದನ್ನೇ ಹೇಳುತ್ತವೆ. ಬಾಂಬೆ ಪ್ರೆಸಿಡೆನ್ಸಿಯ ಕೆನರಾ ಗೆಜೆಟಿಯರ್ (1883) ಭಟ್ಕಳದಲ್ಲಿ ಗುರುತಿಸುವುದು ಮೂರು ಇಂಗ್ಲಿಷ್ ಸಮಾಧಿಗಳನ್ನು. ಜಾನ್ ಬೆಸ್ಟನ ಹೆಸರು ಅವುಗಳಲ್ಲಿಲ್ಲ. ಮೂರೂ 1670ಕ್ಕಿಂತ ಮೂವತ್ತು ವರ್ಷಕ್ಕೂ ಹಿಂದಿನವು, ಈಸ್ಟ್ ಇಂಡಿಯಾ ಕಂಪನಿಗೆ ಪೈಪೋಟಿಯಾಗಿ ಹುಟ್ಟಿದ ಕೋರ್ಟೀನ್ ಕೂಟದವರವು. ಆ ಕೂಟದ ಹಡಗುಗಳು ಜಾನ್ ವೆಡೆಲ್‌ನ ಮುಂದಾಳುತನದಲ್ಲಿ 1637ರ ಆರಂಭದಲ್ಲಿ ಇಲ್ಲಿ ಲಂಗರು ಹಾಕಿದ್ದವು. ಪ್ರವಾಸಿ ಪೀಟರ್ ಮಂಡಿ ಜೊತೆಗಿದ್ದ. ಕೆಳದಿಯ ವೀರಭದ್ರ ನಾಯಕನ ಒಪ್ಪಿಗೆ ಪಡೆದು ಕೋಠಿ ತೆರೆದರು. ವ್ಯಾಪಾರಿ ಜಾರ್ಜ್ ವೈ 1637ರ ಮಾರ್ಚ್ 31ರಂದು ತೀರಿಕೊಂಡ, ಮರುದಿನವೇ ಇನ್ನೊಬ್ಬ ವ್ಯಾಪಾರಿ ಆಂಟನಿ ವರ್ನ್‌ವರ್ದಿ. ಮೂರನೆಯ ಸಮಾಧಿ 1638ರ ನವೆಂಬರ್ 30ರಂದು ಸತ್ತ ವಿಲಿಯಂ ಬಾರ್ಟನ್‌ನದು. ಇವನು ಉಳಿದವರ ಜೀವ ಕಾಯಬೇಕಿದ್ದ ಶಸ್ತ್ರವೈದ್ಯ.

ಹಾಗೆಂದು ಇಡೀ ಕಥೆ ಕಟ್ಟುಕಥೆಯೆಂದೂ ತಳ್ಳಿಹಾಕುವಂತಿಲ್ಲ. ಕಾರವಾರದಲ್ಲಿ 1684ರಲ್ಲಿ ಸಣ್ಣ ಹಡಗೊಂದರ ಖಲಾಸಿಗಳು ಹಸುವನ್ನು ಕದ್ದು ಕೊಂದಾಗ ಇಂಗ್ಲಿಷರು ಊರನ್ನೇ ಬಿಡಬೇಕಾದ ಸ್ಥಿತಿ ಬಂದಿತ್ತೆಂದು ಅದೇ ಗೆಜೆಟಿಯರ್ ಹೇಳುತ್ತದೆ. ಅಲ್ಲಿ ನಾಯಿಯ ಪಾತ್ರವಿರಲಿಲ್ಲ. ಹ್ಯಾಮಿಲ್ಟನ್ 1717ರ ಸುಮಾರಿಗೆ ಬೊಂಬಾಯಿಯ ನೌಕಾಪಡೆಯ ಮುಖ್ಯಸ್ಥನಾಗಿ ಕಾರವಾರದ ಕೋಠಿಯನ್ನು ಮುತ್ತಿಗೆಯಿಂದ ಬಿಡಿಸಲು ಬಂದವನು; ಬುಲ್‌ಡಾಗಿನ ಕಥೆ ಅವನ ಕಿವಿಗೆ ಬಿದ್ದದ್ದು ಆ ಕೋಠಿಯ ಊಟದ ಮೇಜಿನಲ್ಲೇ ಇದ್ದೀತು.