ಗಾಳಿ ಡಬ್ಬಿಯ ಪುರಾಣ

ಹೋದ ವಾರ ಕ್ಯಾಲಿಫೋರ್ನಿಯಾದಿಂದ ಅಕ್ಕನ ಮಗನ ಫೋನು.

"ಮಾಮ, ಮಿಯಾಟಾ ತಗೊಂಡೆ. 1991ರ ಮಾಡೆಲ್ಲು. ಓಡ್ಸೋಕೆ ಸಖತ್ತಾಗಿದೆ, ದಮ್ ಮಾತ್ರ ಸ್ವಲ್ಪ ಕಮ್ಮಿ. ಒಂದು ಏರ್ ಇಂಟೇಕ್ ಕಿಟ್ ನೋಡಿಟ್ಟಿದೀನಿ, ಮುನ್ನೂರು ಡಾಲರ್. ಹತ್ತು ಹಾರ್ಸ್‌ಪವರ್ ಜಾಸ್ತಿ ಬರತ್ತಂತೆ. ಹಾಕಿಸ್ಲಾ?"

ಬೇಡ ಕಣೋ ಅಂದೆ. ಯಾಕೆ ಅಂದ. ಫೋನಿನಲ್ಲಿ ಸರಿಯಾಗಿ ಹೇಳಲಾಗಲಿಲ್ಲ. ಯಾಕೆ ಅಂತ ಹೇಳಬೇಕಾದರೆ ಅರವತ್ತು ವರ್ಷ ಹಿಂದಕ್ಕೆ ಹೋಗಬೇಕು. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ಕಾರಿನ ಸಹವಾಸವೇ ಬೇಡ ಅನ್ನುವವರು ಇವತ್ತೊಂದು ದಿನ ಕ್ಷಮಿಸಿ :)

ಇಂಜಿನ್ ಅಂದರೆ ಒಂದು ದೊಡ್ಡ ಶ್ವಾಸಕೋಶ. ಮಿಯಾಟಾದ 1.6 ಲೀಟರ್ ಇಂಜಿನ್ ನಿಮಿಷಕ್ಕೆ 6000 ಸುತ್ತು ತಿರುಗುವಾಗ ಸೆಕೆಂಡಿಗೆ ಸುಮಾರು 80 ಲೀಟರ್ ಗಾಳಿ ಎಳೆಯುತ್ತದೆ. ಮನೆಗೆ ಬರುವ ನೀರಿನ ಕ್ಯಾನು ಇದೆಯಲ್ಲ, 20 ಲೀಟರಿನದು, ಅಂಥ ನಾಲ್ಕು ಕ್ಯಾನು, ಪ್ರತಿ ಸೆಕೆಂಡಿಗೆ! ಹಾಗಿದ್ದ ಮೇಲೆ ಗಾಳಿಯ ದಾರಿ ಸಲೀಸು ಮಾಡಿದರೆ ಶಕ್ತಿ ಹೆಚ್ಚಬೇಕು ಅನ್ನುವುದು ಯಾರಿಗಾದರೂ ಹೊಳೆಯುವ ಮಾತು. ಒಂದು ಕಾಲಕ್ಕೆ ಅದು ನಿಜವೂ ಆಗಿತ್ತು.

1964ರಲ್ಲಿ ಅಮೆರಿಕದಲ್ಲಿ ಪಾಂಟಿಯಾಕ್ ಜಿಟಿಓ ಬಂತು. ಅದರ ಬಾನೆಟ್ ಮೇಲೆ ಗಾಳಿ ಹಿಡಿಯುವ ಮೂತಿಗಳಿದ್ದವು. ತಮಾಷೆ ಅಂದರೆ ಅವು ಬಾಯಿ ಮುಚ್ಚಿದ ಮೂತಿಗಳು, ಬರೀ ಶೋಕಿಗೆ! ಕೆಳಗೆ ಕಾರ್ಬ್ಯುರೇಟರುಗಳು ಇಂಜಿನ್ನಿನದೇ ಬಿಸಿ ಗಾಳಿ ಕುಡಿಯುತ್ತಾ ಕೂತಿದ್ದವು. 1965ರಲ್ಲಿ ಡೀಲರ್‌ಗಳ ಹತ್ತಿರ ಒಂದು ಕಿಟ್ ಸಿಗತೊಡಗಿತು. ಮೂತಿಯ ಬಾಯಿ ಕೊಯ್ದು ತೆರೆದು, ಕಾರ್ಬ್ಯುರೇಟರುಗಳ ಸುತ್ತ ಒಂದು ತಟ್ಟೆ ಕೂರಿಸಿ, ಹೊರಗಿನ ತಣ್ಣನೆ ಗಾಳಿ ಮಾತ್ರ ಒಳಗೆ ಹೋಗುವ ಹಾಗೆ ಸಂದು ಮುಚ್ಚುವುದು. ಇಷ್ಟೇ. ಗಾಳಿ 10 ಡಿಗ್ರಿ ತಣ್ಣಗಾದರೆ ಸುಮಾರು ಶೇಕಡ 3ರಷ್ಟು ದಟ್ಟವಾಗುತ್ತದೆ. ಬಾನೆಟ್ ಒಳಗಿನ ಕುದಿಯುವ ಗಾಳಿಗೆ ಹೋಲಿಸಿದರೆ ಸಿಗುತ್ತಿದ್ದ ಲಾಭ ಸಣ್ಣದೇನಲ್ಲ. ಇವತ್ತಿನ ಕಿಟ್‌ಗಳೆಲ್ಲ ಈ ಹಳೇ ಕೀರ್ತಿಯ ಮೇಲೇ ಬದುಕುತ್ತಿವೆ ಅಂತ ನನ್ನ ಅನುಮಾನ.

ಇನ್ನು ವೇಗದಿಂದಲೇ ಗಾಳಿಯನ್ನು ಒಳಗೆ ತುರುಕುತ್ತೇವೆ ಅನ್ನುವವರ ಕಥೆ. ಇದರ ಪರಮಾವಧಿ ನೋಡಬೇಕಾದರೆ 1976ರ ಫಾರ್ಮುಲಾ ಒನ್‌ಗೆ ಹೋಗಬೇಕು. ಆ ವರ್ಷದ ಲಿಜಿಯೇ ಜೆಎಸ್5 ಕಾರಿನ ಫೋಟೋ ಒಮ್ಮೆ ಹುಡುಕಿ ನೋಡಿ. ಚಾಲಕ ಜಾಕ್ ಲಫೀತ್‌ನ ತಲೆಯ ಹಿಂದೆ ಒಂದು ಭಾರೀ ನೀಲಿ ಗೋಪುರ. ಜನ ಅದನ್ನು ಟೀಪಾಟ್ ಅಂತಲೇ ಕರೆದರು. ತಲೆಗಿಂತ ಮೇಲೆ ಗಾಳಿಗೆ ಅಡ್ಡಿ ಕಡಿಮೆ, ಅಲ್ಲಿಂದ ಹಿಡಿದು ಇಂಜಿನ್ನಿಗೆ ಇಳಿಸೋಣ ಅನ್ನುವ ಲೆಕ್ಕ. ಎಲ್ಲ ತಂಡಗಳೂ ಗೋಪುರ ಕಟ್ಟುವುದರಲ್ಲಿ ಪೈಪೋಟಿಗೆ ಬಿದ್ದಿದ್ದವು. ಆ ಮೇ ತಿಂಗಳ ಸ್ಪೇನ್ ರೇಸಿನಿಂದ ಎತ್ತರಕ್ಕೆ ಮಿತಿ ಹಾಕಿದರು, ಗೋಪುರಗಳೆಲ್ಲ ಮಾಯ.

ಅದರಿಂದ ಎಷ್ಟು ಸಿಗುತ್ತಿತ್ತು? ಹೈಸ್ಕೂಲ್ ಫಿಸಿಕ್ಸ್ ಸಾಕು. ಗಂಟೆಗೆ 280 ಕಿ.ಮೀ. ವೇಗದಲ್ಲಿ, ಏನೂ ಸೋರದೆ ಹೋದರೆ, ವಾತಾವರಣದ ಒತ್ತಡದ ಮೇಲೆ ಹೆಚ್ಚೆಂದರೆ ಶೇಕಡ 3.6. ರೇಸಿನಲ್ಲಿ ಅದು ಚಿನ್ನ. ಆದರೆ ಒತ್ತಡ ವೇಗದ ವರ್ಗಕ್ಕೆ ತಕ್ಕಂತೆ ಏರುವುದರಿಂದ ನಮ್ಮ ನಿಮ್ಮ 100 ಕಿ.ಮೀ. ವೇಗದಲ್ಲಿ ಸಿಗುವುದು ಶೇಕಡ ಅರ್ಧಕ್ಕಿಂತ ಕಡಿಮೆ. ಕಾರಿನಲ್ಲಿ ಹಿಂದೆ ಕೂತ ಗೆಳೆಯನನ್ನು ಇಳಿಸಿದರೆ ಅದಕ್ಕಿಂತ ಜಾಸ್ತಿ ಲಾಭ!

ಈಗ ನನ್ನ ಕಥೆಗೆ ಬರುತ್ತೇನೆ. 2003ರಲ್ಲಿ ನಾನೂ ಅಲ್ಲೇ ಇದ್ದೆ, ನನ್ನ ಹತ್ತಿರವೂ ಒಂದು ಹಳೇ ಮಿಯಾಟಾ ಇತ್ತು. ಅಮೆರಿಕದ 1.6 ಲೀಟರ್ ಮಾಡೆಲ್ಲು, 116 ಹಾರ್ಸ್‌ಪವರ್. ಕಂಪನಿಯ ಕಪ್ಪು ಪ್ಲಾಸ್ಟಿಕ್ ಡಬ್ಬಿ ಕಿತ್ತು, ಅಲ್ಲಿ ಹೊಳೆಯುವ ಶಂಕುವಿನಾಕಾರದ ಫಿಲ್ಟರ್ ಕೂರಿಸಿದೆ. ಆಕ್ಸಿಲರೇಟರ್ ಒತ್ತಿದರೆ ಗರ್ ಅಂತ ಎಂಥಾ ಸದ್ದು! ಒಂದು ವಾರ ಸುಮ್ಮಸುಮ್ಮನೆ ಹಾಲು ತರೋಕೂ ಕಾರಿನಲ್ಲೇ ಹೋದೆ.

ಬೇಸಿಗೆ ಬಂತು. ಹೈವೇಗೆ ಸೇರುವಾಗ ಕಾರು ಮೊದಲಿಗಿಂತ ಮಂಕು ಅನ್ನಿಸತೊಡಗಿತು. ಬಾನೆಟ್ ಎತ್ತಿ ನೋಡಿದಾಗ ಗೊತ್ತಾಯಿತು. ಆ ಕಾರಿನಲ್ಲಿ ಗಾಳಿ ಡಬ್ಬಿ ಇರುವುದು ಎಕ್ಸಾಸ್ಟ್ ಕಡೆಗೆ. ಕೆಂಡದಂಥ ಕೊಳವೆಗಳ ಪಕ್ಕದಲ್ಲೇ ನನ್ನ ಫಿಲ್ಟರ್ ಬೆತ್ತಲೆ ಕೂತಿದೆ! ಮಾಜ್ದಾದವರು ಕೂರಿಸಿದ್ದ ಆ ಡಬ್ಬಿ ಗಾಳಿಗೆ ಅಡ್ಡಿಯಾಗಿರಲಿಲ್ಲ, ಬಿಸಿಗೆ ಗೋಡೆಯಾಗಿತ್ತು. ಪಾಂಟಿಯಾಕ್ ಕಿಟ್ ಮಾಡಿದ್ದರ ತದ್ವಿರುದ್ಧ ಕೆಲಸವನ್ನು ನಾನು ದುಡ್ಡು ಕೊಟ್ಟು ಮಾಡಿಸಿಕೊಂಡಿದ್ದೆ.

ಇನ್ನೊಂದು ವಿಷಯ ಆಮೇಲೆ ಓದಿ ತಿಳಿದದ್ದು. ಆ 1.6 ಇಂಜಿನ್ನಿನಲ್ಲಿ ಗಾಳಿ ಅಳೆಯಲು ಸ್ಪ್ರಿಂಗ್ ಇರುವ ಒಂದು ಪುಟ್ಟ ಬಾಗಿಲಿದೆ. ಗಾಳಿ ಅದನ್ನು ತಳ್ಳಿಕೊಂಡೇ ಒಳಗೆ ಹೋಗಬೇಕು. ನಿಜವಾದ ಅಡ್ಡಿ ಅದು, ಫಿಲ್ಟರ್ ಅಲ್ಲ. 1994ರ 1.8 ಲೀಟರ್ ಇಂಜಿನ್ ಬಂದಾಗ ಮಾಜ್ದಾದವರೇ ಆ ಬಾಗಿಲು ತೆಗೆದು ಬಿಸಿ ತಂತಿಯ ಮೀಟರ್ ಹಾಕಿದರು. ಮುನ್ನೂರು ಡಾಲರಿನ ಕಿಟ್ ಆ ಬಾಗಿಲಿನ ತಂಟೆಗೇ ಹೋಗುವುದಿಲ್ಲ. ಮುಂಬಾಗಿಲು ಕಿರಿದಾಗಿರುವ ಮನೆಗೆ ಗೇಟು ಅಗಲ ಮಾಡಿಸಿದ ಹಾಗೆ.

ಹಾಗಂತ ಡಬ್ಬಿ ಬದಲಾಯಿಸಿ ಯಾರೂ ಉದ್ಧಾರವಾಗಿಲ್ಲವೇ? ಆಗಿದ್ದಾರೆ. ಬಿಎಂಡಬ್ಲ್ಯು 2003ರಲ್ಲಿ ಎಂ3 ಸಿಎಸ್‌ಎಲ್ ಮಾಡಿದಾಗ ದೊಡ್ಡ ಕಾರ್ಬನ್ ಫೈಬರ್ ಗಾಳಿಪೆಟ್ಟಿಗೆ ಹಾಕಿತು. ಶಕ್ತಿ 343ರಿಂದ 360ಕ್ಕೆ ಏರಿತು. ಆದರೆ ಅದರ ಜೊತೆ ಕ್ಯಾಮ್‌ಶಾಫ್ಟ್ ಬದಲಾಗಿತ್ತು, ಗಾಳಿ ಅಳೆಯುವ ವಿಧಾನ ಬದಲಾಗಿತ್ತು, ಸಾಫ್ಟ್‌ವೇರ್ ಬದಲಾಗಿತ್ತು. ಆ ಕಾರಿನ ಬಗ್ಗೆ ಮಾತಾಡುವವರು ಇವತ್ತಿಗೂ ಮೊದಲು ಹೇಳುವುದು ಆ ಹದಿನೇಳು ಕುದುರೆಗಳನ್ನಲ್ಲ, ಪೆಟ್ಟಿಗೆಯ ಸದ್ದನ್ನು. ಕಂಪನಿಗಳಿಗೂ ಇದು ಗೊತ್ತು. 2011ರ ಪೋರ್ಷ 911ನಲ್ಲಿ ಇಂಟೇಕ್ ಸದ್ದನ್ನು ಕಾರಿನೊಳಗೆ ತರುವುದಕ್ಕೆಂದೇ ಒಂದು ಕೊಳವೆ ಇಟ್ಟರು. ಅದೇ ವರ್ಷದ ಬಿಎಂಡಬ್ಲ್ಯು ಎಂ5 ಇನ್ನೂ ಒಂದು ಹೆಜ್ಜೆ ಮುಂದೆ, ಇಂಜಿನ್ ಸದ್ದು ಸ್ಪೀಕರಿನಲ್ಲಿ! (ಇದು ಮಾತ್ರ ನನಗೆ ಮೋಸ ಅನ್ನಿಸುತ್ತೆ.)

ನನ್ನ ಕಥೆ ಅಲ್ಲಿಗೇ ಮುಗಿಯಲಿಲ್ಲ. ಕ್ಯಾಲಿಫೋರ್ನಿಯಾದಲ್ಲಿ ಹೊಗೆ ಪರೀಕ್ಷೆ ಮಾಡುವವರು ಬಾನೆಟ್ ಎತ್ತಿ ಕಣ್ಣಲ್ಲೂ ನೋಡುತ್ತಾರೆ. ಹೊರಗಿನಿಂದ ತಂದು ಹಾಕಿಸಿದ ಇಂಟೇಕ್‌ಗೆ ಸರ್ಕಾರದ ಅನುಮತಿ ಸಂಖ್ಯೆ ಇರಬೇಕು. ನನ್ನದಕ್ಕೆ ಇರಲಿಲ್ಲ, ಫೇಲ್. ಹಳೇ ಡಬ್ಬಿಯನ್ನು ಕಸಕ್ಕೆ ಹಾಕಿ ಎಷ್ಟೋ ದಿನವಾಗಿತ್ತು. ಎರಡು ಶನಿವಾರ ಗುಜರಿಗಳನ್ನು ಸುತ್ತಿ ಒಂದು ಡಬ್ಬಿ ಹುಡುಕಿ ತಂದೆ. ಹಾಕಿದೆ, ಪಾಸಾಯಿತು. ಕಾರಿನ ದಮ್ಮೂ ವಾಪಸ್ ಬಂತು.

ನಿನ್ನೆ ಹುಡುಗನಿಗೆ ಮತ್ತೆ ಫೋನ್ ಮಾಡಿ ಇದನ್ನೆಲ್ಲ ಹೇಳಿದೆ. ಹಳೇ ಫಿಲ್ಟರ್ ಕಟ್ಟಿಕೊಂಡಿದ್ದರೆ ಹೊಸ ಪೇಪರ್ ಫಿಲ್ಟರ್ ಹಾಕು, ಅಷ್ಟು ಸಾಕು ಅಂದೆ. (ಓಕ್ ರಿಡ್ಜ್ ಪ್ರಯೋಗಾಲಯದವರು 2009ರಲ್ಲಿ ಪರೀಕ್ಷೆ ಮಾಡಿ ನೋಡಿದ್ದಾರೆ. ಫ್ಯುಯೆಲ್ ಇಂಜೆಕ್ಷನ್ ಕಾರಿನಲ್ಲಿ ಕಟ್ಟಿದ ಫಿಲ್ಟರಿನಿಂದ ಮೈಲೇಜು ಕೆಡುವುದಿಲ್ಲ, ಆದರೆ ವೇಗ ಹಿಡಿಯುವುದು ನಿಧಾನವಾಗುತ್ತದೆ.) ಮಿಕ್ಕ ದುಡ್ಡಿಗೆ ಒಳ್ಳೇ ಟೈರ್ ಹಾಕಿಸು ಅಂದೆ.

ಎಲ್ಲ ಕೇಳಿಸಿಕೊಂಡ. ಆಮೇಲೆ ಮೆಲ್ಲಗೆ, "ಮಾಮ, ಸೌಂಡ್ ಹೇಗಿತ್ತು?"

ಸುಳ್ಳು ಹೇಳೋಕೆ ಆಗಲಿಲ್ಲ. "ಭಾಳ ಚೆನ್ನಾಗಿತ್ತು ಕಣೋ" ಅಂದೆ. ಆ ಕಡೆ ನಗು ಕೇಳಿಸಿತು.

ಹಾಕಿಸ್ತಾನೆ ಅಂತ ಗೊತ್ತು. ಹಳೇ ಡಬ್ಬಿ ಮಾತ್ರ ಎಸೀಬೇಡ ಅಂತ ಮೆಸೇಜ್ ಕಳಿಸಿದ್ದೇನೆ.